ಮೂರನೇ ಪೆಡಲ್

ವೈಯಾಲಿಕಾವಲ್‌ನ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿನ ಬಾಗಿಲು ತೆಗೆದು ನೋಡಿದರೆ, ಎರಡು ಪೆಡಲ್ ಇದ್ದ ಕಡೆ ಮೂರಿದ್ದವು. ಪೋಲಿಯೊದಿಂದ ನನ್ನ ಎಡಗಾಲಿಗೆ ಬಲವಿಲ್ಲ. ಕ್ಲಚ್ ತುಳಿಯುವ ಕೆಲಸವಿಲ್ಲವೆಂದೇ ಆಟೊಮ್ಯಾಟಿಕ್ ಗೇರಿನ ಆ ಕಾರು ಕೊಂಡು, ತೊಂಬತ್ತರ ದಶಕದುದ್ದಕ್ಕೂ ನಾನೇ ಓಡಿಸಿಕೊಂಡು ಕಾಲೇಜಿಗೆ ಪಾಠ ಮಾಡಲು ಹೋಗುತ್ತಿದ್ದೆ. ಗೇರ್ ಸರಿಯಾಗಿ ಬೀಳುತ್ತಿಲ್ಲ, ರಿಪೇರಿ ಮಾಡಿಸು ಎಂದು ಅಣ್ಣನಿಗೆ ಕೊಟ್ಟಿದ್ದೆ. ಅವನು ಆ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೇ ತೆಗೆಸಿ, ಕ್ಲಚ್ ಇರುವ ಗೇರ್‌ಬಾಕ್ಸ್ ಹಾಕಿಸಿದ್ದ.

"ಹಳೇದು ರಿಪೇರಿ ಆಗ್ತಿರ್ಲಿಲ್ವಾ?" ಎಂದು ಮೆಕ್ಯಾನಿಕ್‌ನನ್ನು ಕೇಳಿದೆ.

"ಆಗ್ತಿತ್ತು ಮೇಡಂ. ಹೀಗಾದ್ರೆ ಮನೇಲಿ ಎಲ್ರೂ ಓಡಿಸ್ಬೋದು ಅಂತ ನಿಮ್ಮಣ್ಣನೇ ಹೇಳಿದ್ರು."

ನನ್ನ ಜೊತೆ ಬಂದಿದ್ದ ಅಣ್ಣ ಕೀ ತೆಗೆದುಕೊಂಡು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ.

ಆಮೇಲೆ ಮಲ್ಲೇಶ್ವರಂ ಮಾರ್ಕೆಟ್ಟಿಗೆ ಹೋಗಬೇಕಾದರೂ, ಮನೆಯಲ್ಲಿ ಯಾರಿಗೆ ಬಿಡುವಿದೆ ಎಂದು ನಾನು ಕೇಳಬೇಕಾಯಿತು. ಅಣ್ಣನ ಮೇಲಿನ ಆ ಸಿಟ್ಟು ಇಂದಿಗೂ ಹೋಗಿಲ್ಲ.