ಕೆಳಗಿನ ಮನೆಯ ಸಾರಮ್ಮ

ನನ್ನ ಅಮ್ಮನ ತಾಯಿ ಏಲೀಶ್ವಾ ಅವರನ್ನು ಕೇರಳದ ಪಾಲಾದಲ್ಲಿ ಎಲ್ಲರೂ ಕಾದಂಬರಿ ಚೇಡತ್ತಿ, ಅಂದರೆ ಕಾದಂಬರಿಯ ಅಕ್ಕ, ಎನ್ನುತ್ತಾರೆ. ನನಗೆ ಅವರು ಅಮ್ಮಚ್ಚಿ. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಮೀನಿನ ಸಾರಿಗೆ ಹುಳಿ ಹಾಕಿ, ಕೈ ಒರೆಸಿಕೊಂಡು, ವಾರಪತ್ರಿಕೆಯ ಧಾರಾವಾಹಿ ಬರೆಯಲು ಕೂರುತ್ತಿದ್ದರು. ಅವರ ಬದುಕಿನ ಬಗ್ಗೆ ಯಾರು ಕೇಳಿದರೂ ಒಂದೇ ಉತ್ತರ: "ಏನಿದೆ ಹೇಳೋಕೆ? ಅಡುಗೆ ಮಾಡಿದೆ, ಬರೆದೆ."

ಅವರ ತಂಗಿ ಬ್ರಿಜಿತಾ ಚಿಕ್ಕ ವಯಸ್ಸಿಗೇ ಗುಡ್ಡದ ಮೇಲಿನ ಕ್ರೈಸ್ತ ಸನ್ಯಾಸಿನಿಯರ ಕರ್ಮೆಲ ಮಠ ಸೇರಿದರು. ಆ ಮಠದಲ್ಲಿ ಒಳಗೆ ಹೋದವರು ಹೊರಗೆ ಬರುವಂತಿಲ್ಲ, ಕಾದಂಬರಿಗಳು ಒಳಗೆ ಹೋಗುವಂತಿಲ್ಲ. ಬಂದ ಕಾಗದವನ್ನು ಮೊದಲು ಮಠದ ಮುಖ್ಯಸ್ಥೆ ಮದರ್ ಓದುತ್ತಾರೆ. ಕಳೆದ ಈಸ್ಟರ್ ಮುಂಚಿನ ತಪಸ್ಸುಕಾಲದಲ್ಲಿ ಬ್ರಿಜಿತಾ ತೀರಿಕೊಂಡರು. ಅಮ್ಮಚ್ಚಿ ಬರೆದಿದ್ದ ಕಾಗದಗಳನ್ನೆಲ್ಲ ಮಠದವರು ಪೆಟ್ಟಿಗೆಯಲ್ಲಿಟ್ಟು ಕಳಿಸಿದರು. ಶಾಲೆ ಬಿಟ್ಟು ಮನೆಯಲ್ಲಿದ್ದ ನಾನು ಅವನ್ನು ಓದಿ ಹೇಳತೊಡಗಿದೆ.

ಎಲ್ಲದರಲ್ಲೂ ಕೆಳಗಿನ ಮನೆಯ ಸಾರಮ್ಮನದೇ ಸುದ್ದಿ. ಅವಳ ಅತ್ತೆಯ ಬಾಯಿ, ಗಂಡನ ಕುಡಿತ, ಹುಟ್ಟುವಾಗಲೇ ಹೋದ ಎರಡು ಕೂಸು.

"ಅಮ್ಮಚ್ಚಿ, ನಮ್ಮ ಕೆಳಗೆ ಇರೋದು ಹೊಳೆ ಅಲ್ವಾ? ಯಾವ ಮನೆ ಇದು?"

"ನೀನು ಓದು. ಹೊಳೆ ಎಲ್ಲೂ ಹೋಗಲ್ಲ."

ಆಮೇಲೆ ತಾವೇ ಹೇಳಿದರು. ಚಿಕ್ಕಂದಿನಲ್ಲಿ ಇಬ್ಬರದೂ ಒಂದೇ ಚಾಪೆ. ಕಥೆ ಕೇಳದೆ ಬ್ರಿಜಿತಾಗೆ ನಿದ್ದೆ ಬರುತ್ತಿರಲಿಲ್ಲ. ಅವಳು ಮಠಕ್ಕೆ ಹೋದ ಮೇಲೆ ಅಮ್ಮಚ್ಚಿ ಧಾರಾವಾಹಿಯ ಒಂದೊಂದು ಅಧ್ಯಾಯವನ್ನೂ ತಂಗಿ ಎಂದೂ ನೋಡಿರದ ತಮ್ಮ ಗಂಡನ ಮನೆಯ ನೆರೆಯ ಸುದ್ದಿ ಎಂದು ಬರೆದು ಕಳಿಸಿದರು. ಊರೆಲ್ಲ ಓದುತ್ತಿದ್ದ ಆ ಕಾದಂಬರಿಗಳನ್ನು ಅವರು ಬರೆದದ್ದು ಗೋಡೆಯಾಚೆಗಿನ ಒಬ್ಬಳಿಗಾಗಿ.

ಧಾರಾವಾಹಿಯಲ್ಲಿ ಸಾರಮ್ಮ ಮೂರನೆಯ ಬಾರಿ ಬಸುರಿಯಾದಳು. ಹೆರಿಗೆಯಲ್ಲಿ ಅವಳು ಸಾಯುತ್ತಾಳೆಂದು ಸಂಪಾದಕರಿಗೆ ಮಾತು ಕೊಟ್ಟು, ಅಮ್ಮಚ್ಚಿ ಅಧ್ಯಾಯವನ್ನೂ ಬರೆದುಕೊಟ್ಟಿದ್ದರು. ಆಗ ಬ್ರಿಜಿತಾಳ ಕಾಗದ ಬಂತು. ಕೆಳಗೆ ಮದರ್ ತಮ್ಮ ಕೈಯಲ್ಲೇ ಎರಡು ಸಾಲು ಸೇರಿಸಿದ್ದರು: ಸಾರಮ್ಮನ ಸುಖಪ್ರಸವಕ್ಕಾಗಿ ಮಠವೆಲ್ಲ ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಹಿಡಿದಿದೆ, ಒಂದು ಹೊತ್ತು ಊಟ ಬಿಟ್ಟಿದೆ.

ಅಜ್ಜ ನಕ್ಕರಂತೆ. "ಇಲ್ಲದ ಬಸುರಿಗೆ ಮಠವೆಲ್ಲ ಉಪವಾಸ. ನಾನು ಟೈಫಾಯ್ಡಲ್ಲಿ ಮಲಗಿದ್ದಾಗ ನೀನು ಒಂದು ತುತ್ತೂ ಬಿಡ್ಲಿಲ್ವಲ್ಲ, ಏಲೀ."

ಅಮ್ಮಚ್ಚಿಗೆ ನಗು ಬರಲಿಲ್ಲ. ನಿಜ ಹೇಳಿದರೆ ಮದರ್ ಕಾಗದವನ್ನೇ ನಿಲ್ಲಿಸಬಹುದು, ತಂಗಿ ಶಾಶ್ವತವಾಗಿ ಕೈತಪ್ಪಬಹುದು. ಹೇಳದಿದ್ದರೆ ಅಷ್ಟು ಜನ ತಮ್ಮ ಸುಳ್ಳಿಗಾಗಿ ಹಸಿದಿರುತ್ತಾರೆ. ಮರುದಿನವೇ ಗುಡ್ಡ ಹತ್ತಿದರು. ಕಂಬಿಯ ಹಿಂದೆ ಕಪ್ಪು ಪರದೆ, ಪರದೆಯ ಹಿಂದೆ ಮದರ್. ಎಲ್ಲವನ್ನೂ ಹೇಳಿದರು.

"ಹೆರಿಗೆ ಇನ್ನೂ ಆಗಿಲ್ಲ ತಾನೆ?" ಎಂದರು ಮದರ್.

"ಇಲ್ಲ ಮದರ್."

"ಹಾಗಾದ್ರೆ ನಮ್ಮ ಪ್ರಾರ್ಥನೆ ಮುಗೀಲಿ. ಆಮೇಲೆ ಬರಿ. ಇಲ್ಲಿ ನನ್ನ ಸಿಸ್ಟರ್‌ಗಳೆಲ್ಲ ಕಾಯ್ತಾ ಇದ್ದಾರೆ."

ಅಮ್ಮಚ್ಚಿ ಅಲ್ಲಿಂದ ನೇರ ಬಸ್ಸು ಹತ್ತಿ ಪತ್ರಿಕೆಯ ಕಚೇರಿಗೆ ಹೋಗಿ ಅಧ್ಯಾಯ ವಾಪಸು ಕೇಳಿದರು.

"ಚೇಡತ್ತಿ, ಓದೋರು ಕರ್ಚೀಫು ಹಿಡ್ಕೊಂಡು ಕೂತಿದ್ದಾರೆ," ಎಂದರು ಸಂಪಾದಕರು.

"ಮೂಗು ಒರೆಸ್ಕೊಳ್ಳಲಿ. ಅವಳು ಸಾಯಲ್ಲ."

ಹೆರಿಗೆಯ ಸುದ್ದಿಯ ಕಾಗದ ಆ ಪೆಟ್ಟಿಗೆಯಲ್ಲಿತ್ತು. ಹೆಣ್ಣುಮಗು, ಇಬ್ಬರೂ ಕ್ಷೇಮ, ಮಗುವಿನ ಎಡಗಿವಿ ಸ್ವಲ್ಪ ಮಡಚಿಕೊಂಡಿದೆ ಎಂದಿತ್ತು. ಎಷ್ಟು ಕೈ ದಾಟಿತ್ತೋ, ಹರಿದ ಮಡಿಕೆಗಳನ್ನು ಗಂಜಿಯಿಂದ ಅಂಟಿಸಿದ್ದರು. ಹುಟ್ಟದೇ ಇದ್ದ ಮಗುವನ್ನು ಅವರೆಲ್ಲ ಸೇರಿ ಬದುಕಿಸಿದ್ದರು.

ಆ ಕಾಗದ ತಲುಪಿದ ಮೇಲೆ ಮಠದಿಂದ ಒಂದು ಪೊಟ್ಟಣ ಬಂತಂತೆ. ಒಳಗೆ ಸಣ್ಣ ಹೊಲಿಗೆಯ ಬಿಳಿ ಅಂಗಿ. 'ಸಾರಮ್ಮನಿಗೆ ತಲುಪಿಸು' ಎಂದು ಬ್ರಿಜಿತಾ ಬರೆದಿದ್ದಳು. ಮದರ್ ಅವಳಿಗೆ ಏನೂ ಹೇಳಿರಲಿಲ್ಲ.

"ಏನು ಮಾಡಿದ್ರಿ?"

"ತಲುಪಿಸಬೇಕಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದೆ. ಹೆರಿಗೆ ವಾರ್ಡಲ್ಲಿ ಸಾರಮ್ಮ ಇದ್ದಾಳಾ ಅಂತ ನರ್ಸನ್ನ ಕೇಳಿದೆ. ಯಾವ ಸಾರಮ್ಮ, ಇಬ್ಬರಿದ್ದಾರಲ್ಲ ಅಂದಳು."

ಅಮ್ಮಚ್ಚಿ ಅಂಗಿಯನ್ನು ಬಾಗಿಲ ಹತ್ತಿರ ಮಲಗಿದ್ದ ಸಾರಮ್ಮನಿಗೆ ಕೊಟ್ಟರು. ಮನೆಗೆ ಬಂದು, ಆ ವಾರದ ಅಧ್ಯಾಯವನ್ನು ಬದಿಗಿಟ್ಟು, ಎರಡನೆಯ ಸಾರಮ್ಮನ ಮಗುವಿಗೆ ಅಂಥದೇ ಇನ್ನೊಂದನ್ನು ಹೊಲಿಯಲು ಕೂತರು.