ಸಜ್ಜಿಗೆ ಬೇಯುವ ತನಕ

ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನವೇ ನನಗೆ ಹಸಿ ಕಟ್ಟಿಗೆ ಸಿಗಬೇಕಾ! ಸವಣೂರಿನ ಆಚೆಯ ಆ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಸಜ್ಜಿಗೆ ಮಾಡುವವಳು ನಾನೇ. ಬೆಲ್ ಹೊಡೆದರೂ ನೀರು ಕುದಿಯಲಿಲ್ಲ. "ತಡವಾದರೆ ಬೇರೆ ಹೆಂಗಸನ್ನು ನೋಡಿ" ಅಂತ ಇನ್‌ಸ್ಪೆಕ್ಟರು ಮೊದಲೇ ಹೆಡ್ಮಾಸ್ಟರಿಗೆ ಹೇಳಿಯಾಗಿತ್ತು.

ಹಸಿದ ಮಕ್ಕಳು ಬಟ್ಟಲು ಬಡಿಯಲಿಕ್ಕೆ ಸುರು ಮಾಡಿದವು. ನನ್ನ ಕೆಲಸ ಹೋಯಿತು ಅಂದುಕೊಂಡೆ. ಆಗ ಎದ್ದು ನಿಂತವಳು ಕಮಲ. ಯಾರಾದರೂ ಹೆಸರು ಕೇಳಿದರೆ ಕಂಬದ ಹಿಂದೆ ಅಡಗುತ್ತಿದ್ದ ಹುಡುಗಿ, ಶಾಲೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸಿ ಬಾರಿಸಿ ಬೇರೆಯೇ ಆಗಿದ್ದಳು.

"ಎಂತ ಗಲಾಟೆ ಮಾರಾಯ್ರೆ? ನನ್ನ ಕೈ ನೋಡಿ!"

ಅವಳು ಬಟ್ಟಲಿಗೆ ಪೆಟ್ಟು ಕೊಟ್ಟದ್ದೇ ತಡ, ಅಷ್ಟೂ ಮಕ್ಕಳು ಒಂದೇ ತಾಳಕ್ಕೆ ಬಂದವು. ಓಡಿ ಬಂದ ಇನ್‌ಸ್ಪೆಕ್ಟರು, ಇದು ತಮಗೆ ಸ್ವಾಗತ ಅಂತ ತಿಳಿದು ಟೊಪ್ಪಿ ತೆಗೆದು ನಿಂತೇಬಿಟ್ಟರು.

ಕಮಲ ಮೆಲ್ಲ ಕೇಳಿದಳು, "ಬೇಯಲಿಕ್ಕೆ ಇನ್ನೂ ಉಂಟಾ ಅಕ್ಕ?"

"ಇನ್ನೂ ಉಂಟು ಮಗಾ, ಬಾರಿಸು!"

ಕೊನೆಗೆ ನಾನು ಸಟ್ಟುಗ ಎತ್ತಿದೆ, ಅವಳು ಕೈ ಎತ್ತಿದಳು, ಎಲ್ಲ ಬಟ್ಟಲೂ ಒಟ್ಟಿಗೆ ನಿಂತವು. "ಆಹಾ, ಎಂಥ ಶಿಸ್ತು!" ಅಂದರು ಇನ್‌ಸ್ಪೆಕ್ಟರು.

ಊಟಕ್ಕೆ ಮೊದಲು ಹೀಗೇ ಬಾರಿಸಬೇಕು ಅಂತ ಪಕ್ಕದ ಶಾಲೆಗೂ ಹೇಳಿ ಹೋದರಂತೆ. ಅಲ್ಲಿ ಸಜ್ಜಿಗೆ ಹೊತ್ತಿಗೆ ಸರಿಯಾಗಿ ಬೇಯುತ್ತಿತ್ತು. ಪಾಪದ ಮಕ್ಕಳು, ದಿನಾ ತಣ್ಣಗಾದದ್ದನ್ನೇ ತಿಂದವು.