ಬೆಂಕಿಗೊಂದು ರಿಮೋಟು

ದುಬೈಯಲ್ಲಿ ನೆಲೆಸಿದ ನಮ್ಮವರ ಮನೆಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಟೀಪಾಯಿಯ ಮೇಲಿನ ರಿಮೋಟುಗಳ ಕಡೆಗೆ. ಟೀವಿಯದಿರಲಿ, ಏಸಿಯದಿರಲಿ, ಅಂಗಡಿಯಿಂದ ಬರುವಾಗ ತೊಟ್ಟಿದ್ದ ಪ್ಲಾಸ್ಟಿಕ್ ಅಂಗಿಯನ್ನು ಕಳಚುವ ಪದ್ಧತಿ ನಮ್ಮಲ್ಲಿಲ್ಲ. ಅಂಗಿ ಹರಿದರೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಹಾಕಿ, ಅದರ ಮಾನ ಕಾಪಾಡುತ್ತೇವೆ. ಮರಳಿನ ಧೂಳು ಎಂಬುದು ನಾವು ಕೊಡುವ ಕಾರಣ. ಒಂದಲ್ಲ ಒಂದು ದಿನ ಇವನ್ನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಊರಿಗೆ ಒಯ್ಯಬೇಕು, ಆ ದಿನವೂ ವಸ್ತು ಹೊಸದಾಗಿಯೇ ಕಾಣಬೇಕು ಎಂಬುದು ಹೇಳಿಕೊಳ್ಳದ ಕಾರಣ. ನಾನು ಎಣಿಸುವ ಚಟದವನು. ಜೆಬೆಲ್ ಅಲಿಯ ಗೋದಾಮಿನಲ್ಲಿ ಹಗಲೆಲ್ಲ ಪೆಟ್ಟಿಗೆಗಳನ್ನು ಎಣಿಸಿ ಬರೆದದ್ದು ಸಾಲದೆಂಬಂತೆ ರಾತ್ರಿ ಡೈರಿಯಲ್ಲಿ ಇಂಥವನ್ನೂ ಎಣಿಸಿ ಬರೆಯುತ್ತೇನೆ. ಇದುವರೆಗೆ ಇಪ್ಪತ್ತಮೂರು ಮನೆಗಳಲ್ಲಿ ಅರವತ್ತೊಂದು ರಿಮೋಟುಗಳನ್ನು ಕಂಡಿದ್ದೇನೆ. ಬರಿಮೈಯಲ್ಲಿದ್ದದ್ದು ಒಂದೇ ಒಂದು. ಅದು ಊದ್ ಮೇಥಾದಲ್ಲಿ ನಾನು ಬಾಡಿಗೆಗಿರುವ ಮನೆಯಲ್ಲೇ ಇದೆ. ಅದು ಬೆಂಕಿಯ ರಿಮೋಟು.

ಮರುಭೂಮಿಯಲ್ಲಿ ಬೆಂಕಿ ಕಾಯಿಸುವುದೇ ಎಂದು ನೀವು ನಗಬಹುದು. ಫೋನಿನಲ್ಲಿ ಹೇಳಿದಾಗ ಮೈಸೂರಿನಲ್ಲಿ ನನ್ನ ಅಮ್ಮನೂ ನಕ್ಕಿದ್ದಳು. ಆದರೆ ಜನವರಿಯ ಸಂಜೆ, ಸೆಖೆಗೆಂದೇ ಕಟ್ಟಿದ ಮನೆಯಲ್ಲಿ, ಬರಿಗಾಲನ್ನು ಟೈಲ್ಸಿನ ಮೇಲೆ ಇಟ್ಟು ನೋಡಿದವರು ನಗುವುದಿಲ್ಲ. ನಮ್ಮದು ಹಳೆಯ ಒಂದಂತಸ್ತಿನ ವಿಲ್ಲಾ. ಮುಂಭಾಗದಲ್ಲಿ ಉಡುಪಿ ಕಡೆಯ ಸುಧಾಕರಣ್ಣ, ವಸಂತಕ್ಕ. ಹಿತ್ತಲ ಕೋಣೆಯಲ್ಲಿ ನಾನು. ಹಿಂದೆ ಇಲ್ಲಿದ್ದ ಯಾರೋ ಯೂರೋಪಿನ ಇಂಜಿನಿಯರು ತನ್ನೂರಿನ ಚಳಿಯನ್ನು ಮರೆಯಲಾರದೆ ಹಜಾರದ ಗೋಡೆಯಲ್ಲಿ ಒಂದು ಗ್ಯಾಸಿನ ಅಗ್ಗಿಷ್ಟಿಕೆಯನ್ನು ಕೂಡಿಸಿ ಹೋಗಿದ್ದ. ಅದರೊಳಗೆ ಪಿಂಗಾಣಿಯ ಐದು ಕೊರಡುಗಳು. ತೊಗಟೆ, ಗಂಟು, ಬಿರುಕು ಎಲ್ಲವೂ ಇದ್ದು, ಒಂದರ ಮೇಲೆ ಕೊಡಲಿಯ ಏಟಿನ ಗುರುತು ಕೂಡ ಇತ್ತು. ಎಂದೂ ಉರಿದು ಮುಗಿಯದ ಆ ಸುಳ್ಳು ಸೌದೆಯ ಸಂದಿಯಿಂದ ನಿಜವಾದ ಬೆಂಕಿ ಏಳುತ್ತಿತ್ತು. ವಿದ್ಯುತ್ ಹೀಟರು ಇರಲಿಲ್ಲವೆಂದಲ್ಲ. ಅದೂ ಗೀಸರೂ ಒಟ್ಟಿಗೆ ಓಡಿದರೆ ಮನೆಯ ಕರೆಂಟೇ ಹೋಗುತ್ತಿತ್ತು.

ಅಗ್ಗಿಷ್ಟಿಕೆಯ ಗುಂಡಿ ನೆಲಮಟ್ಟದಲ್ಲಿ, ಜಾಲರಿಯ ಹಿಂದೆ. ಮಂಡಿಯೂರಿ, ತಲೆ ತಗ್ಗಿಸಿ, ಕೈ ಒಳಗೆ ಹಾಕಿ ತಿರುಗಿಸಬೇಕು. ವಸಂತಕ್ಕನಿಂದ ಅದು ಆಗುತ್ತಿರಲಿಲ್ಲ. ಮಂಡಿ ಗಟ್ಟಿಯಾಗಿಯೇ ಇತ್ತು. ಮದುವೆಯಾದ ಹೊಸದರಲ್ಲಿ ಗ್ಯಾಸ್ ಒಲೆ ಹಚ್ಚಲು ಬಗ್ಗಿದಾಗ ಜ್ವಾಲೆ ಭುಗ್ಗೆಂದು ಎದ್ದು ಅವರ ಹುಬ್ಬನ್ನೂ ಸೆರಗನ್ನೂ ಸುಟ್ಟಿತ್ತು. ಹುಬ್ಬು ಮತ್ತೆ ಬೆಳೆಯಿತು, ಧೈರ್ಯ ಬೆಳೆಯಲಿಲ್ಲ. ಅಂದಿನಿಂದ ಅಡುಗೆಯೆಲ್ಲ ವಿದ್ಯುತ್ ಒಲೆಯಲ್ಲಿ. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಒಂದು ನೋಟದಲ್ಲಿ ಕೂರಿಸುವ ಗಣಿತದ ಟೀಚರು, ಮನೆಯಲ್ಲಿ ಒಂದು ಬೆಂಕಿಯ ನಾಲಗೆಗೆ ಅಂಜಿ ಶಾಲು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ಕುಳಿತಿರುತ್ತಿದ್ದರು. ವಿಚಿತ್ರವೆಂದರೆ ಸುಧಾಕರಣ್ಣನ ಕೆಲಸ ಗ್ಯಾಸ್ ಸ್ಥಾವರದಲ್ಲಿ, ಮದೀನತ್ ಜಾಯೆದ್‌ನ ಆಚೆ, ದೂರದ ಮರಳುಗಾಡಿನ ನಡುವೆ. ಬುಧವಾರ ಸಂಜೆ ಬಂದು, ಆಗಿನ ವಾರದ ರಜೆಯಾದ ಗುರುವಾರ ಶುಕ್ರವಾರವನ್ನು ಮುಗಿಸಿ, ಮತ್ತೆ ಹೋಗಿಬಿಡುತ್ತಿದ್ದರು. ಗಂಡ ವಾರದ ಐದು ದಿನ ಯಾವುದರ ನಡುವೆ ಇರುತ್ತಾನೋ ಅದಕ್ಕೇ ಹೆಂಡತಿ ಹೆದರುವುದು ಎಂಥ ಸಂಕಟ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅಲ್ಲಿಯವರೆಗೆ ನನಗೆ ಹೊಳೆದಿದ್ದದ್ದು ಕಾಫಿ ಮಾತ್ರ. ಮೊದಲ ಚಳಿಗಾಲದಲ್ಲಿ ಸಂಜೆ ಆರೂಕಾಲಕ್ಕೆ ಕಂಪನಿಯ ಬಸ್ಸಿಳಿದು ನಾನೇ ಬೆಂಕಿ ಹಚ್ಚುತ್ತಿದ್ದೆ. ಹಚ್ಚಿದ ಮೇಲೆ ವಸಂತಕ್ಕ ಒಂದು ಲೋಟ ಫಿಲ್ಟರ್ ಕಾಫಿ ಕೊಡುತ್ತಿದ್ದರು. ಡೈರಿಯ ಪ್ರಕಾರ ಬೆಂಕಿ ಮೂವತ್ತೆಂಟು, ಕಾಫಿ ಮೂವತ್ತೆಂಟು. ಇಷ್ಟು ಚೊಕ್ಕವಾಗಿ ತಾಳೆಯಾಗುವ ಪಟ್ಟಿ ನನ್ನ ಗೋದಾಮಿನಲ್ಲೂ ಇರಲಿಲ್ಲ. ಎರಡನೆಯ ಚಳಿಗಾಲಕ್ಕೆ ನನ್ನ ಪಾಳಿ ಬದಲಾಗಿ ಮನೆಗೆ ಬರುವುದು ಎಂಟು ಗಂಟೆಯಾಯಿತು. ಆಗ ಸುಧಾಕರಣ್ಣ ಎಲ್ಲಿಯೋ ಕೇಳಿಕೊಂಡು ಬಂದರು: ಇಂಥ ಅಗ್ಗಿಷ್ಟಿಕೆಗೆ ರಿಮೋಟು ಕೂಡಿಸಬಹುದಂತೆ.

ಸತ್ವಾದ ಹಳೆ ಸಾಮಾನಿನ ಅಂಗಡಿಯ ಹಮೀದ್ ಕಾಕ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

“ಟೀವಿಗೆ ಕೇಳ್ತಾರೆ, ಏಸಿಗೆ ಕೇಳ್ತಾರೆ. ನಿಮ್ಗೆ ಈಗ ಬೆಂಕಿಗೂ ರಿಮೋಟು ಬೇಕಾ ಸುಧಾಕರಣ್ಣ? ನಿಮ್ಮದು ಭಾರೀ ಜೋರುಂಟು.”

“ನನಗಲ್ಲ ಕಾಕ, ಹೆಂಡತಿಗೆ.”

“ಹಾಗಾದ್ರೆ ಉಂಟು,” ಎಂದು ಕಾಕ ಮೇಲಟ್ಟದಿಂದ ಒಂದು ಡಬ್ಬಿ ಇಳಿಸಿದರು. ಯಾರೋ ವಿಲ್ಲಾ ಖಾಲಿ ಮಾಡುವಾಗ ಬಿಟ್ಟುಹೋದದ್ದು, ಸೀಲು ಕೂಡ ಒಡೆದಿರಲಿಲ್ಲ. “ಕೆಲಸ ಮಾಡದಿದ್ರೆ ವಾಪಸು ತನ್ನಿ. ಮನೆ ಸುಟ್ರೆ ಮಾತ್ರ ತರ್ಬೇಡಿ. ಖಲಾಸ್.”

ಕೂಡಿಸುವ ಹೊಣೆ ನನ್ನ ಮೇಲೆ ಬಿತ್ತು. “ಸ್ಥಾವರದಲ್ಲಿ ಗ್ಯಾಸಿನವರು ವಯರ್ ಮುಟ್ಟುವ ಹಾಗಿಲ್ಲ ಮಾರಾಯ. ನೀನು ಪುಸ್ತಕ ಓದಿ ಕೆಲಸ ಮಾಡುವವ, ನೀನೇ ಮಾಡು,” ಎಂದರು ಸುಧಾಕರಣ್ಣ. ಡಬ್ಬಿಯ ಜೊತೆ ಬಂದ ಹದಿನಾರು ಪುಟದ ಕೈಪಿಡಿಯನ್ನು ಅಧ್ಯಯನ ಮಾಡಲು ನಾನು ಹನ್ನೊಂದು ದಿನ ತೆಗೆದುಕೊಂಡೆ. ಎರಡು ದಿನ ಸಾಕಿತ್ತು. ಉಳಿದ ಒಂಬತ್ತು ದಿನ ನನ್ನನ್ನು ತಡೆದದ್ದು ಒಂದು ಆತಂಕ: ಬೆಂಕಿ ತಾನೇ ಹೊತ್ತಿಕೊಂಡರೆ ಕಾಫಿಯ ಗತಿಯೇನು?

ಡಿಸೆಂಬರ್ ಹದಿನೇಳು, ಶುಕ್ರವಾರ ಬೆಳಿಗ್ಗೆ ಕೆಲಸ ನಡೆಯಿತು. ಸ್ಥಾವರದ ಶಿಸ್ತಿನಂತೆ ಸುಧಾಕರಣ್ಣ ಹೊರಗಿನ ಸಿಲಿಂಡರಿನ ವಾಲ್ವು ಮುಚ್ಚಿ, ಕ್ಯಾಲೆಂಡರಿನ ಹಾಳೆಯ ಹಿಂದೆ ‘ಕೆಲಸ ನಡೆಯುತ್ತಿದೆ, ತೆರೆಯಬಾರದು’ ಎಂದು ಬರೆದು ದಾರದಲ್ಲಿ ಕಟ್ಟಿದರು. ನನ್ನಿಂದ ರುಜು ಕೂಡ ಹಾಕಿಸಿಕೊಂಡರು. ಕೆಲಸವೇನೋ ಸಣ್ಣದು. ಬೆಂಕಿಯ ಕೆಳಗಿರುವ ಗ್ಯಾಸಿನ ಕವಾಟಕ್ಕೆ ಎರಡು ವಯರು ಸಿಕ್ಕಿಸಿ, ಅವುಗಳ ಇನ್ನೊಂದು ತುದಿಯನ್ನು ಒಂದು ಪುಟ್ಟ ಡಬ್ಬಿಗೆ ಜೋಡಿಸಿ, ಅದಕ್ಕೆ ಬ್ಯಾಟರಿ ಹಾಕಿ ಜಾಲರಿಯ ಪಕ್ಕದಲ್ಲಿಡಬೇಕು. ರಿಮೋಟಿನ ಮಾತನ್ನು ಕೇಳಿಸಿಕೊಂಡು ಕವಾಟಕ್ಕೆ ತಿಳಿಸುವುದು ಆ ಡಬ್ಬಿ. ಒಂದು ವಿಷಯ ಮಾತ್ರ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು: ಒಳಗೆ ಯಾವಾಗಲೂ ಉರಿಯುವ ಒಂದು ಕಿರುಜ್ವಾಲೆ ಬೇಕು, ಅದನ್ನು ರಿಮೋಟು ಹಚ್ಚಲಾರದು. ಅದನ್ನು ಕೈಯಿಂದಲೇ, ಗುಂಡಿಯನ್ನು ಒಂದು ನಿಮಿಷ ಒತ್ತಿ ಹಿಡಿದು ಹಚ್ಚಬೇಕು. ಒಮ್ಮೆ ಹಚ್ಚಿದರೆ ಚಳಿಗಾಲ ಪೂರ್ತಿ ಇರುತ್ತದೆ. ಸುಧಾಕರಣ್ಣ ಹಚ್ಚಿದರು. ನಾನು ರಿಮೋಟು ಒತ್ತಿದೆ. ಟಿಕ್ ಎಂದಿತು, ಎರಡು ಕ್ಷಣ ಬಿಟ್ಟು ಐದು ಕೊರಡುಗಳಿಗೂ ಬೆಂಕಿ ಹಬ್ಬಿತು. ಅಡುಗೆಮನೆಯ ಬಾಗಿಲಿನಿಂದ “ಅಯ್ಯೋ ದೇವರೇ!” ಎಂಬ ಕೂಗು ಕೇಳಿತು.

ಆ ಬಾಗಿಲಿಗೂ ಅಗ್ಗಿಷ್ಟಿಕೆಗೂ ನಡುವೆ ಹದಿನಾಲ್ಕು ಟೈಲ್ಸು. ಮರುದಿನದಿಂದ ನನ್ನ ಡೈರಿಯಲ್ಲಿ ಹೊಸ ಅಂಕಣ ಶುರುವಾಯಿತು: ವಸಂತಕ್ಕ ಎಷ್ಟು ಟೈಲ್ಸು ದೂರದಿಂದ ಒತ್ತಿದರು. ರಾತ್ರಿ ನಾನು ಬಂದಾಗ ಅವರೇ ವರದಿ ಒಪ್ಪಿಸುತ್ತಿದ್ದರು. ಗಣಿತದವರಿಗೆ ಅಂಕಿಯ ಮೇಲೆ ಗೌರವ. ಡಿಸೆಂಬರ್ 18: ಹದಿನಾಲ್ಕು. 19: ಹದಿನಾಲ್ಕು. 21: ಹನ್ನೆರಡು. 25: ಒಂಬತ್ತು, ಅಂದರೆ ಸೋಫಾದವರೆಗೆ. ಜನವರಿ 2: ಆರು. ಕಾಫಿ ಎಂಟು ಗಂಟೆಗೂ ಬರುತ್ತಿತ್ತು, ಆದರೆ ಅದನ್ನು ಯಾವ ಕೆಲಸದ ಎದುರು ಬರೆಯಬೇಕೋ ತಿಳಿಯದೆ ಆ ಅಂಕಣವನ್ನು ಖಾಲಿ ಬಿಟ್ಟಿದ್ದೆ.

ಜನವರಿ ನಾಲ್ಕರಂದು ಬಂದಾಗ ವಸಂತಕ್ಕ ನನ್ನ ಕೋಣೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಕಾಲಲ್ಲಿ ಚಪ್ಪಲಿಯಿಲ್ಲ. ತೊಡೆಯ ಮೇಲೆ ಪಾಸ್‌ಪೋರ್ಟುಗಳ ಫೈಲು, ಅದರ ಮೇಲೆ ಹಿತ್ತಾಳೆಯ ಕಾಫಿ ಫಿಲ್ಟರು. ಮನೆ ಬಿಟ್ಟು ಓಡುವಾಗ ಕೈಗೆ ಸಿಕ್ಕಿದ್ದು ಅವೆರಡು.

“ವಾಸನೆ ಬರ್ತದೆ ಮಾರಾಯ. ರಿಮೋಟು ಆಫ್ ಮಾಡಿ, ಹೊರಗೆ ಬಂದು ಸಿಲಿಂಡರ್ ಮುಚ್ಚಿದೆ. ನಾನು ಎಂತದೋ ತಪ್ಪು ಒತ್ತಿದೆ ಕಾಣ್ತದೆ.”

ನಾನು ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದೆ. ಅದು ಗ್ಯಾಸಿನ ವಾಸನೆಯಾಗಿರಲಿಲ್ಲ. ಜಾಲರಿಯ ಪಕ್ಕದ ಡಬ್ಬಿಗೆ ಸುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ದಿನವೂ ಶಾಖ ತಿಂದು ತಿಂದು, ಅಂದು ಮುದುರಿ ಕರಗಿ, ಹಾಲಿನ ಕೆನೆಯಂತೆ ಅಂಟಿಕೊಂಡಿತ್ತು. ಅದನ್ನು ಕಳಚದೆ ಬಿಟ್ಟವನು ನಾನೇ. ಧೂಳು ಕೂರದಿರಲಿ, ಹೊಸದಾಗಿಯೇ ಇರಲಿ ಎಂದು! ಕೈಪಿಡಿಯಲ್ಲಿ ಹದಿನಾಲ್ಕು ಎಚ್ಚರಿಕೆಗಳಿದ್ದವು. ಬೆಂಕಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಅಂಗಿ ತೊಡಿಸಿ ಕೂರಿಸುವ ಜನ ಇರಬಹುದೆಂದು ಅದನ್ನು ಬರೆದವರಿಗೆ ಹೊಳೆದಿರಲಿಲ್ಲ.

ಆ ಕ್ಷಣವೇ ಹೇಳಬೇಕಿತ್ತು. ನಾನು ಸಿಪ್ಪೆಯನ್ನು ಕೆರೆದು ಜೇಬಿಗೆ ಹಾಕಿಕೊಂಡು, “ಏನಿಲ್ಲ ಅಕ್ಕಾ, ಸರಿಯಾಯ್ತು,” ಎಂದಷ್ಟೇ ಹೇಳಿದೆ. ಲೆಕ್ಕದಲ್ಲಿ ತಪ್ಪಿಲ್ಲದವನೆಂಬ ಹೆಸರು ನನಗೆ ಅಷ್ಟು ಪ್ರಿಯವಾಗಿತ್ತು. ಮಾರನೆಯ ದಿನ ಬೆಂಕಿ ಉರಿಯಲಿಲ್ಲ. ವಸಂತಕ್ಕ ಅಡುಗೆಮನೆಯ ಬಾಗಿಲಿನಿಂದಲೂ ಹಿಂದೆ ಸರಿದು, ಒಲೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ಟೈಲ್ಸಿನ ಅಂಕಣದಲ್ಲಿ ಏನು ಬರೆಯಲಿ? ಹದಿನಾಲ್ಕಕ್ಕಿಂತ ಹೆಚ್ಚಿನ ಅಂಕಿಗೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಹದಿನೆಂಟು ದಿನಗಳಲ್ಲಿ ಒಬ್ಬರು ನಡೆದು ಬಂದ ದಾರಿಯನ್ನು ನನ್ನ ಮೌನ ಒಂದೇ ಸಂಜೆಯಲ್ಲಿ ಅಳಿಸಿತ್ತು.

ಗುರುವಾರ ಸುಧಾಕರಣ್ಣನ ಎದುರಿಗೇ ಆ ಸಿಪ್ಪೆಯನ್ನು ಟೀಪಾಯಿಯ ಮೇಲಿಟ್ಟು ಒಪ್ಪಿಕೊಂಡೆ. ವಸಂತಕ್ಕ ಅದನ್ನು ಉಗುರಿನಿಂದ ಎತ್ತಿ ಬೆಳಕಿಗೆ ಹಿಡಿದರು.

“ಅಂದ್ರೆ ನಾನು ಸರಿಯಾಗಿಯೇ ಒತ್ತಿದ್ದಾ?”

“ಹೌದಕ್ಕಾ.”

“ಎರಡು ದಿವಸ ನನ್ನನ್ನು ಚಳಿಯಲ್ಲಿ ಕೂರಿಸಿದ್ಯಲ್ಲ, ಪಾಪಿ! ತಾ ಆ ನಿನ್ನ ಪುಸ್ತಕ. ಬರಿ: ತಪ್ಪು ನನ್ನದು, ವಸಂತಕ್ಕನದ್ದಲ್ಲ.”

ಬರೆದೆ. ಅವರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ರುಜು ಮಾಡಿದರು. ಸುಧಾಕರಣ್ಣ ಅಷ್ಟು ನಕ್ಕದ್ದನ್ನು ನಾನು ಬೇರೆಂದೂ ಕಂಡಿಲ್ಲ. ಅವರು ಸಿಲಿಂಡರು ತೆರೆದು ಕಿರುಜ್ವಾಲೆಯನ್ನು ಮತ್ತೆ ಹಚ್ಚಿದ ಮೇಲೆ ವಸಂತಕ್ಕ ಒಳಗಿನಿಂದ ಕತ್ತರಿ ತಂದು ಆ ರಿಮೋಟಿನ ಅಂಗಿಯನ್ನೂ ಕತ್ತರಿಸಿ ಹಾಕಿದರು. “ಬೆಂಕಿಯದ್ದಕ್ಕೆ ಇದೆಲ್ಲ ಬೇಡ,” ಎಂದು ಸೋಫಾದಲ್ಲಿ ಕುಳಿತು ಒತ್ತಿದರು. ಜನವರಿ 6: ಒಂಬತ್ತು. 15: ಐದು. 22: ಮೂರು.

ಜನವರಿ ಇಪ್ಪತ್ತನಾಲ್ಕು, ಸೋಮವಾರ ಸಂಜೆ ಐದೂವರೆಗೆ ಗೋದಾಮಿನಲ್ಲಿ ನನ್ನ ಮೊಬೈಲು ಬಡಿದುಕೊಂಡಿತು. ಸಿಲಿಂಡರು ಮುಗಿದು, ಗ್ಯಾಸಿನವನು ಹೊಸದನ್ನು ಹಾಕಿಹೋಗಿದ್ದ. ವಸಂತಕ್ಕ ಒತ್ತಿದರೆ ಟಿಕ್ ಎನ್ನುತ್ತದೆ, ಬೆಂಕಿಯಿಲ್ಲ. ನನಗೆ ತಕ್ಷಣ ತಿಳಿಯಿತು: ಗ್ಯಾಸು ನಿಂತಾಗ ಕಿರುಜ್ವಾಲೆ ಆರಿದೆ.

“ಅದನ್ನ ಕೈಯಲ್ಲೇ ಹಚ್ಚಬೇಕಕ್ಕಾ. ನಾನು ಎಂಟಕ್ಕೆ ಬಂದು ಹಚ್ತೀನಿ. ನೀವು ಹೋಗಬೇಡಿ.”

ಆ ಕಡೆ ವಸಂತಕ್ಕ ಕುರ್ಚಿ ಸರಿಸಿ ಎದ್ದ ಸದ್ದಾಯಿತು.

“ಎಷ್ಟು ಹೊತ್ತು ಒತ್ತಿ ಹಿಡೀಬೇಕು ಹೇಳಿದ್ದಿ?”

“ಒಂದು ನಿಮಿಷ. ಆದರೆ ಅಕ್ಕಾ...”

“ವಾಸನೆ ಇಲ್ಲ, ನೋಡಿದೆ. ಆಯ್ತು, ಇಡ್ತೇನೆ.”

ಅಂದು ಬಸ್ಸು ಟ್ರಕ್ಕುಗಳ ಸಾಲಿನ ಹಿಂದೆ ಸಿಕ್ಕಿಕೊಂಡು ನಲವತ್ತು ನಿಮಿಷ ತಡವಾಯಿತು. ಗಡಿಯಾರವನ್ನು ಎಷ್ಟು ಬಾರಿ ನೋಡಿದೆನೆಂದು ನಾನು ಎಣಿಸಲಿಲ್ಲ. ಎಣಿಸದೆ ಬಿಟ್ಟ ಮೊದಲ ಸಂಗತಿ ಅದಿರಬೇಕು. ಎರಡು ಬಾರಿ ಫೋನು ಮಾಡಿದೆ, ಎತ್ತಲಿಲ್ಲ. ಗೇಟು ತೆರೆದಾಗ ಹಜಾರದ ಪರದೆಯ ಹಿಂದೆ ಕೆಂಪು ಬೆಳಕು ಅಲುಗುತ್ತಿತ್ತು.

ವಸಂತಕ್ಕ ಮೊದಲನೆಯ ಟೈಲ್ಸಿನ ಮೇಲೆ ಚಾಪೆ ಹಾಕಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಬೆಂಕಿಯ ಕಡೆಗೆ ಬೆನ್ನು ಕೂಡ ಮಾಡಿದ್ದರು. ನನಗೆ ಹೆಬ್ಬೆರಳು ತೋರಿಸಿದರು; ಗುಂಡಿಯ ದುಂಡು ಅಚ್ಚು ಇನ್ನೂ ಕೆಂಪಗಿತ್ತು.

“ಗಡಿಯಾರ ನೋಡ್ಲಿಕ್ಕೆ ಕಣ್ಣು ತೆರೀಬೇಕಲ್ಲ? ಕಣ್ಣು ಮುಚ್ಚಿ ಮಗ್ಗಿ ಹೇಳಿದೆ. ಹನ್ನೆರಡರದ್ದು ಮುಗಿದ್ರೂ ಧೈರ್ಯ ಬರ್ಲಿಲ್ಲ, ಹದಿಮೂರರದ್ದೂ ಹೇಳಿದೆ. ಹದಿಮೂರು ಒಂಬತ್ಲಿ ಹೇಳುವಾಗ ಕಣ್ಣು ಬಿಟ್ಟೆ. ಇಷ್ಟೇ ಇಷ್ಟು ನೀಲಿ ಉಂಟು, ಬೆರಳಿನ ಉಗುರಿನಷ್ಟು. ಇದಕ್ಕಾ ನಾನು ಇಷ್ಟು ವರ್ಷ ಹೆದರಿದ್ದು?”

ಮುಂದಿನದನ್ನು, ಅಂದರೆ ಕೊರಡುಗಳಿಗೆ ಬೆಂಕಿ ಹಬ್ಬಿಸುವುದನ್ನು, ಅವರು ರಿಮೋಟಿಲ್ಲದೆ, ಡಬ್ಬಿಯ ಪಕ್ಕದ ಪುಟ್ಟ ಸ್ವಿಚ್ಚಿನಿಂದಲೇ ಮಾಡಿ ಮುಗಿಸಿದ್ದರು. ಅದು ಕೈಪಿಡಿಯ ಎಷ್ಟನೆಯ ಪುಟದಲ್ಲಿದೆಯೆಂದು ನನಗೇ ನೆನಪಿರಲಿಲ್ಲ.

“ಹಾಗಾದ್ರೆ ನನಗಿನ್ನು ಇಲ್ಲಿ ಕೆಲಸ ಇಲ್ಲ,” ಎಂದೆ, ನಗುತ್ತಲೇ, ಆದರೆ ಪೂರ್ತಿ ನಗುತ್ತ ಅಲ್ಲ.

ವಸಂತಕ್ಕ ಎದ್ದು ಅಡುಗೆಮನೆಗೆ ಹೋದರು. “ಕಾಫಿ ಕುಡೀಲಿಕ್ಕೆ ಕೆಲಸ ಬೇಕು ಅಂತ ನಿನಗೆ ಯಾರು ಹೇಳಿದ್ದು ಮಾರಾಯ? ಕೈಕಾಲು ತೊಳ್ಕೊಂಡು ಬಾ.”

ರಿಮೋಟನ್ನು ಮಾಡಿದವರು ಮನುಷ್ಯ ಕುಳಿತಲ್ಲೇ ಇರಲೆಂದು ಮಾಡಿದರು. ಅದೇ ರಿಮೋಟನ್ನು ಹಿಡಿದು ವಸಂತಕ್ಕ ಹದಿನಾಲ್ಕು ಟೈಲ್ಸು ನಡೆದು ಬಂದರು. ಯಾವಾಗ ಬೇಕೆಂದರೆ ಆಗ ಆರಿಸಬಹುದು ಎಂಬ ಭರವಸೆ ಕೈಯಲ್ಲಿದ್ದುದರಿಂದ ದಿನಕ್ಕೆ ಒಂದಿಷ್ಟು ಹತ್ತಿರ ಹೋಗಲು ಅವರಿಗಾಯಿತು. ನಾನಾದರೋ ಡೈರಿಯೆಂಬ ರಿಮೋಟನ್ನು ಹಿಡಿದು ಎಲ್ಲರಿಂದಲೂ ಅಳತೆಯ ದೂರದಲ್ಲಿ ಕುಳಿತವನು. ಲೋಟಕ್ಕೊಂದು ಬೆಂಕಿಯೆಂದು ತಾಳೆ ಹಾಕುತ್ತಿದ್ದವನು. ಅಂದು ರಾತ್ರಿ ಟೈಲ್ಸಿನ ಅಂಕಣದಲ್ಲಿ ‘ಒಂದು’ ಎಂದು ಬರೆದು ಗೆರೆ ಎಳೆದೆ. ಖಾಲಿ ಬಿಡುತ್ತಿದ್ದ ಕಾಫಿಯ ಅಂಕಣ ಅಂದಿನಿಂದ ನನ್ನ ಡೈರಿಯಲ್ಲೇ ಇಲ್ಲ.

ಈಗಲೂ ಆ ಟೀಪಾಯಿಯ ಮೇಲೆ ನಾಲ್ಕು ರಿಮೋಟುಗಳಿವೆ. ಮೂರು ತಮ್ಮ ಅಂಗಿಯೊಳಗೆ ಹೊಸದಾಗಿ ಮಿನುಗುತ್ತ, ಊರಿಗೆ ಹೋಗುವ ಪೆಟ್ಟಿಗೆಗಾಗಿ ಕಾದಿವೆ. ನಾಲ್ಕನೆಯದರ ಮೇಲೆ ಮರಳಿನ ಧೂಳು ಕುಳಿತಿದೆ. ಸಂಜೆ ಬೆಂಕಿ ಹಚ್ಚಿ ಎದ್ದ ಮೇಲೆ ವಸಂತಕ್ಕ ಒಮ್ಮೊಮ್ಮೆ ಅದನ್ನು ಸೆರಗಿನಿಂದ ಒರೆಸಿ, ಇದ್ದಲ್ಲಿಯೇ ಇಡುತ್ತಾರೆ.